ಕತ್ತರಿಸುವುದೋ, ಕ್ರೀಮ್ ಹಚ್ಚುವುದೋ? ಪ್ಯಾಜೆಟ್ ಚರ್ಮಕ್ಯಾನ್ಸರ್‌ಗೆ ಚಿಕಿತ್ಸೆ ಆರಿಸುವ ಮುನ್ನ

ತೊಡೆಸಂದಿನಲ್ಲೋ ಗುದದ್ವಾರದ ಸುತ್ತಲೋ ಒಂದು ಕೆಂಪು ಪಟ್ಟೆ. ಹೆಂಗಸರಲ್ಲಾದರೆ ಹೆಚ್ಚಾಗಿ ಯೋನಿಯ ಹೊರತುಟಿಗಳ ಮೇಲೆ, ಗಂಡಸರಲ್ಲಾದರೆ ಬೀಜಚೀಲದ ಮೇಲೆ. ತುರಿಸುತ್ತದೆ, ಉರಿಯುತ್ತದೆ, ಒಮ್ಮೊಮ್ಮೆ ಜಿನುಗುತ್ತದೆ, ಮೇಲೆ ಬೆಳ್ಳಗೆ ಹೊಟ್ಟು ಏಳುತ್ತದೆ. ಹುಳುಕಡ್ಡಿ ಇರಬೇಕೆಂದು ಮೆಡಿಕಲ್ ಶಾಪಿನಲ್ಲಿ ಕೊಟ್ಟ ಟ್ಯೂಬ್ ಹಚ್ಚಿದ್ದಾಯಿತು. ಅದರಲ್ಲಿ ಸ್ಟೀರಾಯ್ಡ್ ಬೆರೆತಿದ್ದರಿಂದ ತುರಿಕೆ ನಾಲ್ಕು ದಿನ ತಗ್ಗಿ ಐದನೆಯ ದಿನ ಮರಳಿತು. ಯಾರಿಗೂ ತೋರಿಸಲಾಗದ ಜಾಗವಾದ್ದರಿಂದ ಹೀಗೇ ಒಂದೆರಡು ವರ್ಷ ಸರಿದುಹೋಗುತ್ತದೆ. ಕೊನೆಗೆ ಚರ್ಮವೈದ್ಯರೊಬ್ಬರು ಅನುಮಾನಪಟ್ಟು ಬಯಾಪ್ಸಿ ಮಾಡಿಸುತ್ತಾರೆ. ರಿಪೋರ್ಟಿನಲ್ಲಿ ‘ಎಕ್ಸ್‌ಟ್ರಾಮ್ಯಾಮರಿ ಪ್ಯಾಜೆಟ್’ ಎಂದು ಬರುತ್ತದೆ.

1874ರಲ್ಲಿ ಜೇಮ್ಸ್ ಪ್ಯಾಜೆಟ್ ಸ್ತನದ ತೊಟ್ಟಿನ ಮೇಲೆ ಗುರುತಿಸಿದ ಕಾಯಿಲೆಯಂಥದ್ದೇ ಬೇರೆ ಜಾಗದಲ್ಲೂ ಬರುತ್ತದೆಂದು 1889ರಲ್ಲಿ ಕ್ರಾಕರ್ ತೋರಿಸಿದರು. ಹಾಗಾಗಿ ‘ಸ್ತನದ ಆಚೆಯ ಪ್ಯಾಜೆಟ್’ ಎಂಬ ಹೆಸರು. ಅಪರೂಪದ ಕಾಯಿಲೆ, ಸಾಮಾನ್ಯವಾಗಿ 60 ದಾಟಿದವರಲ್ಲಿ ಕಾಣುವುದು, ನಿಧಾನಕ್ಕೆ ಹರಡುವುದು. ಅಪರೂಪವಾದ್ದರಿಂದಲೇ ಇದಕ್ಕೆ ಒಂದೇ ಸರಿಯಾದ ಚಿಕಿತ್ಸೆ ಎಂದು ಸಾಧಿಸಿ ತೋರಿಸುವ ದೊಡ್ಡ ಅಧ್ಯಯನಗಳಿಲ್ಲ. ಒಬ್ಬ ಸರ್ಜನ್ ‘ತೆಗೆದುಬಿಡೋಣ’ ಎಂದರೆ, ಇನ್ನೊಬ್ಬರು ‘ಇಮಿಕ್ವಿಮೋಡ್ ಕ್ರೀಮ್ ಹಚ್ಚಿ ನೋಡೋಣ’ ಎನ್ನುತ್ತಾರೆ, ಮೂರನೆಯವರು ರೇಡಿಯೇಷನ್ ಎನ್ನುತ್ತಾರೆ. ಮೂವರೂ ತಪ್ಪು ಹೇಳುತ್ತಿಲ್ಲದಿರಬಹುದು. ಯಾರಿಗೆ ಯಾವುದು ಎಂಬುದನ್ನು ತೂಗಿ ನೋಡಬೇಕು, ಅದಕ್ಕೆ ಮೊದಲು ತಕ್ಕಡಿ ಬೇಕು.

ಮೊದಲು ತಿಳಿದಿರಬೇಕಾದ್ದು

ಎಲ್ಲಕ್ಕಿಂತ ಮುಖ್ಯ ಆಳ. ಪ್ಯಾಜೆಟ್ ಕಣಗಳು, ಅಂದರೆ ಈ ಕ್ಯಾನ್ಸರಿನ ಜೀವಕೋಶಗಳು, ಮೇಲ್ಚರ್ಮದೊಳಗೇ ಇದ್ದರೆ ರಿಪೋರ್ಟಿನಲ್ಲಿ ‘ಇನ್ ಸಿಟು’ ಅಥವಾ ‘ಇಂಟ್ರಾಎಪಿಡರ್ಮಲ್’ ಎಂದಿರುತ್ತದೆ. ಕೆಳಗಿನ ಪದರಕ್ಕೆ ಇಳಿದಿದ್ದರೆ ‘ಇನ್‌ವೇಸಿವ್’. ಇಳಿದಿರುವ ಆಳ 1 ಮಿ.ಮೀ. ದಾಟಿದರೆ ದುಗ್ಧರಸ ಗ್ರಂಥಿಗಳಿಗೆ (ಲಿಂಫ್ ನೋಡ್) ಹರಡುವ ಭಯ ಹೆಚ್ಚು. ಈ ಒಂದು ಸಾಲೇ ಕ್ರೀಮ್ ಸಾಕೇ ಬೇಡವೇ ಎಂಬುದನ್ನು ಮುಕ್ಕಾಲು ಪಾಲು ತೀರ್ಮಾನಿಸುತ್ತದೆ. ಆದರೆ ಒಂದು ಪಂಚ್ ಬಯಾಪ್ಸಿ 4 ಮಿ.ಮೀ. ಅಗಲದ ತುಣುಕು ಮಾತ್ರ. ಅಂಗೈಯಷ್ಟು ಪಟ್ಟೆಗೆ ಒಂದೇ ತುಣುಕು ನೋಡಿ ‘ಆಳವಿಲ್ಲ’ ಎನ್ನುವುದು ಒಂದು ಅಗುಳು ನೋಡಿ ಅನ್ನ ಬೆಂದಿದೆ ಎಂದಂತೆ ಅಲ್ಲ, ಏಕೆಂದರೆ ಇಲ್ಲಿ ಎಲ್ಲ ಅಗುಳೂ ಒಂದೇ ಥರ ಬೆಂದಿರುವುದಿಲ್ಲ. ಗಟ್ಟಿಯಾದ, ಗಂಟಾದ, ಹುಣ್ಣಾದ ಜಾಗವಿದ್ದರೆ ಅಲ್ಲಿಂದ ಬೇರೆಯಾಗಿ ಬಯಾಪ್ಸಿ ಆಗಲೇಬೇಕು.

ಎರಡನೆಯದು, ಒಳಗೆ ಇನ್ನೊಂದು ಕ್ಯಾನ್ಸರ್ ಇದೆಯೇ ಎಂಬುದು. ಕೆಲವರಲ್ಲಿ ಚರ್ಮದ ಮೇಲಿನ ಪಟ್ಟೆ ದೊಡ್ಡ ಕರುಳಿನಿಂದಲೋ ಮೂತ್ರಕೋಶದಿಂದಲೋ ಮೇಲೆ ಹಬ್ಬಿ ಬಂದದ್ದು. ಗುದದ್ವಾರದ ಸುತ್ತಲಿನ ಪ್ಯಾಜೆಟ್‌ನಲ್ಲಿ ಈ ಸಾಧ್ಯತೆ ಹೆಚ್ಚು. ಸಿಕೆ-7, ಸಿಕೆ-20, ಜಿಸಿಡಿಎಫ್‌ಪಿ-15 ಎಂಬ, ಬಯಾಪ್ಸಿ ತುಣುಕಿನ ಮೇಲೆ ಮಾಡುವ ಬಣ್ಣಪರೀಕ್ಷೆಗಳು ದಾರಿ ತೋರಿಸುತ್ತವೆ. ಸಿಕೆ-20 ಪಾಸಿಟಿವ್ ಬಂದು ಜಿಸಿಡಿಎಫ್‌ಪಿ-15 ನೆಗೆಟಿವ್ ಬಂದರೆ ಒಳಗಿನ ಮೂಲವನ್ನು ಹುಡುಕಬೇಕು. ಜಾಗಕ್ಕೆ ತಕ್ಕಂತೆ ಕೊಲೊನೊಸ್ಕೋಪಿ (ದೊಡ್ಡ ಕರುಳಿನೊಳಗೆ ನೋಡುವುದು), ಸಿಸ್ಟೋಸ್ಕೋಪಿ (ಮೂತ್ರಕೋಶದೊಳಗೆ ನೋಡುವುದು), ಮ್ಯಾಮೋಗ್ರಾಂ (ಸ್ತನದ ಎಕ್ಸ್‌ರೇ), ಸೊಂಟದ ಸ್ಕ್ಯಾನ್ ಬೇಕಾಗುತ್ತವೆ. ಇವು ಮುಗಿಯುವ ಮುನ್ನ ಕ್ರೀಮ್ ಶುರುಮಾಡಿದರೆ ಹೊರಗಿನ ಕೆಂಪು ಮಾಯವಾಗಿ ಒಳಗಿನದು ಬೆಳೆಯುತ್ತಿರಬಹುದು.

ಉಳಿದ ಅಳತೆಗಳು ರೋಗಿಯ ಬದುಕಿಗೆ ಸೇರಿದವು. ಪಟ್ಟೆ ಎಷ್ಟು ದೊಡ್ಡದು, ಮೂತ್ರದ್ವಾರ ಅಥವಾ ಗುದದ ಸ್ನಾಯುವಿಗೆ ಎಷ್ಟು ಹತ್ತಿರ? ಅರಿವಳಿಕೆ ತಡೆಯುವ ಹೃದಯ, ಶ್ವಾಸಕೋಶ ಇದೆಯೇ? ಕಿಡ್ನಿ ಕಸಿಯಾಗಿ ನಿರೋಧಕ ಶಕ್ತಿ ಕುಗ್ಗಿಸುವ ಮಾತ್ರೆ ನುಂಗುತ್ತಿದ್ದಾರೆಯೇ? ಆಸ್ಪತ್ರೆ ಎಷ್ಟು ದೂರ? ಕಾಣದ ಜಾಗಕ್ಕೆ ನಾಲ್ಕು ತಿಂಗಳು ಕ್ರೀಮ್ ಹಚ್ಚಲು ಮನೆಯಲ್ಲಿ ಕೈ ಇದೆಯೇ? ಈ ಕೊನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಬಹಳ ಸಲ ಇಲ್ಲೇ.

ಇಮಿಕ್ವಿಮೋಡ್: ಔಷಧ ಕೊಲ್ಲುವುದಿಲ್ಲ, ಕೊಲ್ಲುವವರನ್ನು ಕರೆಯುತ್ತದೆ

ಈ ಕ್ರೀಮ್ ಬಗ್ಗೆ ದೊಡ್ಡ ತಪ್ಪು ಕಲ್ಪನೆ ಎಂದರೆ ಇದು ಸುಲಭದ ದಾರಿ ಎಂಬುದು. ‘ಕತ್ತಿಯಿಲ್ಲದೆ ಆಗುತ್ತದಲ್ಲ’ ಎಂದು ಆರಿಸಿಕೊಂಡವರು ಮೂರನೆಯ ವಾರಕ್ಕೆ ಕಂಗಾಲಾಗುತ್ತಾರೆ. ಇದು ಹೇಗೆ ಕೆಲಸ ಮಾಡುತ್ತದೆಂದು ತಿಳಿದರೆ ಆ ಸಂಕಟ ಯಾಕೆಂಬುದೂ ತಿಳಿಯುತ್ತದೆ.

ವೈರಸ್ ಬಂದಾಗ ಅದನ್ನು ಗುರುತಿಸಲು ನಮ್ಮ ನಿರೋಧಕ ಕಣಗಳಲ್ಲಿ ಟಿಎಲ್‌ಆರ್-7 ಎಂಬ ಗಂಟೆಯಿದೆ. ಇಮಿಕ್ವಿಮೋಡ್ ವೈರಸ್ಸೇ ಇಲ್ಲದೆ ಆ ಗಂಟೆ ಬಾರಿಸುತ್ತದೆ. ಇಂಟರ್‌ಫೆರಾನ್-ಆಲ್ಫಾ, ಟಿಎನ್‌ಎಫ್‌ನಂಥ ಸಂದೇಶಗಳು ಹೊರಟು ಟಿ-ಕಣಗಳು ಎಂಬ ಹೋರಾಡುವ ಬಿಳಿರಕ್ತಕಣಗಳು ಆ ಜಾಗಕ್ಕೆ ನುಗ್ಗುತ್ತವೆ, ಕ್ಯಾನ್ಸರ್ ಕಣಗಳನ್ನು ಹೊಡೆಯುತ್ತವೆ. ಹಾಗಾಗಿ ಕೆಂಪಾಗುವುದು, ಊದುವುದು, ಸುಲಿಯುವುದು ಔಷಧದ ಅಡ್ಡಪರಿಣಾಮ ಎನ್ನುವುದಕ್ಕಿಂತ ಔಷಧದ ಕೆಲಸವೇ ಎನ್ನಬೇಕು. ಏನೂ ಕೆಂಪಾಗದಿದ್ದರೆ ಸಮಾಧಾನ ಪಡಬೇಡಿ, ವೈದ್ಯರಿಗೆ ಹೇಳಿ. ಹಚ್ಚುವ ರೀತಿ ತಪ್ಪಿರಬಹುದು, ಅಥವಾ ವಾರಕ್ಕೆ ಹಚ್ಚುವ ಸಲ ಹೆಚ್ಚಿಸಬೇಕಾಗಬಹುದು.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ 1997ರಲ್ಲಿ ಜನನಾಂಗದ ನರಹುಲಿಗೆ, 2004ರಲ್ಲಿ ಮೇಲ್ಪದರದ ಬೇಸಲ್ ಸೆಲ್ ಎಂಬ, ನಿಧಾನಕ್ಕೆ ಬೆಳೆಯುವ ಚರ್ಮದ ಕ್ಯಾನ್ಸರ್‌ಗೆ ಒಪ್ಪಿಗೆ ಕೊಟ್ಟಿತು. ಪ್ಯಾಜೆಟ್‌ಗೆ ಬಳಸುವುದು ಲೇಬಲ್‌ನ ಆಚೆಯ ಬಳಕೆ. ವೈದ್ಯರು ಅದನ್ನು ಮಾಡಬಹುದು, ಆದರೆ ಪೊಟ್ಟಣದೊಳಗಿನ ಚೀಟಿಯಲ್ಲಿ ನಿಮ್ಮ ಕಾಯಿಲೆಯ ಹೆಸರು ಇರುವುದಿಲ್ಲ, ಅಲ್ಲಿ ಬರೆದ ಡೋಸ್ ನಿಮ್ಮದಲ್ಲ. ಅದನ್ನು ಓದಿ ಗಾಬರಿಯಾಗಬೇಡಿ, ಅದನ್ನೇ ಅನುಸರಿಸಲೂ ಬೇಡಿ.

ಎಷ್ಟು ಗುಣವಾಗುತ್ತದೆ? ಯೋನಿಯ ಹೊರತುಟಿಯ, ಆಳಕ್ಕಿಳಿಯದ ಪ್ಯಾಜೆಟ್ ಇದ್ದ ಮಹಿಳೆಯರಿಗೆ ವಾರಕ್ಕೆ 3 ಸಲ, 16 ವಾರ 5 ಶೇಕಡಾ ಕ್ರೀಮ್ ಕೊಟ್ಟ ನೆದರ್‌ಲೆಂಡ್ಸ್ ಮೂಲದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಲೆಕ್ಕಕ್ಕೆ ಸಿಕ್ಕ 23 ಮಂದಿಯಲ್ಲಿ 12 ಮಂದಿಗೆ ಪೂರ್ತಿ ಹೋಯಿತು, 7 ಮಂದಿಗೆ ಭಾಗಶಃ ಕುಗ್ಗಿತು, 4 ಮಂದಿಗೆ ಉಪಯೋಗವಾಗಲಿಲ್ಲ. ಅಂದರೆ ಪೂರ್ತಿ ವಾಸಿಯಾಗುವುದು ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರಿಗೆ. ಚಿಕ್ಕ ಅಧ್ಯಯನ, ಆದರೆ ಇಷ್ಟು ಅಪರೂಪದ ಕಾಯಿಲೆಗೆ ಇದು ದೊಡ್ಡದೇ.

ಹಚ್ಚುವ ಕ್ರಮ ಹೀಗೆ. ರಾತ್ರಿ ಮಲಗುವ ಮುನ್ನ ಸೌಮ್ಯ ಸೋಪಿನಲ್ಲಿ ಜಾಗ ತೊಳೆದು, ಒತ್ತಿ ಒರೆಸಿ, ಹತ್ತು ನಿಮಿಷ ಗಾಳಿಗೆ ಒಣಗಲು ಬಿಡಿ. ಒದ್ದೆ ಚರ್ಮದ ಮೇಲೆ ಹಚ್ಚಿದರೆ ಉರಿ ಹೆಚ್ಚು. ಪಟ್ಟೆಯ ಆಚೆ ಎಷ್ಟು ಅಂಚಿಗೆ ಹಚ್ಚಬೇಕೆಂದು ವೈದ್ಯರಿಂದ ಪೆನ್ನಿನಲ್ಲಿ ಗೀಚಿಸಿಕೊಂಡು ಮೊಬೈಲ್‌ನಲ್ಲಿ ಫೋಟೋ ಇಟ್ಟುಕೊಳ್ಳಿ. ಎರಡು ವಾರದಲ್ಲಿ ಎಲ್ಲವೂ ಕೆಂಪಾಗಿ ಮೂಲ ಗಡಿ ಎಲ್ಲಿತ್ತೆಂದು ಗೊತ್ತಾಗುವುದಿಲ್ಲ. ಆ ಗಡಿಯ ಹೊರಗಿನ ಒಳ್ಳೆಯ ಚರ್ಮಕ್ಕೆ ತೆಳ್ಳಗೆ ವ್ಯಾಸಲೀನ್ ಅಥವಾ ಝಿಂಕ್ ಮುಲಾಮು ಸವರಿದರೆ ಕ್ರೀಮ್ ಹರಿದು ಸುಡುವುದು ಕಡಿಮೆ. 250 ಮಿಲಿಗ್ರಾಂನ ಒಂದು ಸ್ಯಾಶೆಯಲ್ಲಿ 12.5 ಮಿಲಿಗ್ರಾಂ ಔಷಧವಿರುತ್ತದೆ. ಅದು ಸುಮಾರು 5 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ಜಾಗಕ್ಕೆ ಸಾಕು. ತೆಳ್ಳಗೆ ಹಚ್ಚಿ, ಬಿಳುಪು ಕಾಣದಂತಾಗುವವರೆಗೆ ಮೆಲ್ಲಗೆ ಉಜ್ಜಿ. ಮೇಲೆ ಪ್ಲಾಸ್ಟರ್ ಹಾಕಬೇಡಿ, ನೈಲಾನ್ ಒಳಉಡುಪು ಬೇಡ, ಸಡಿಲ ಹತ್ತಿಯದು ಸಾಕು. 8 ಗಂಟೆಯ ನಂತರ ನೀರು, ಸೋಪಿನಲ್ಲಿ ತೊಳೆಯಿರಿ. ಹಚ್ಚಿದ ಮೇಲೆ ಕೈ ತೊಳೆಯುವುದನ್ನು ಮರೆತರೆ ಕಣ್ಣು ಉಜ್ಜಿದಾಗ ನೆನಪಾಗುತ್ತದೆ. ಹಚ್ಚುವವರು ಮನೆಯ ಬೇರೆಯವರಾದರೆ ಗ್ಲೌಸ್ ಹಾಕಿಕೊಳ್ಳಲಿ.

ಕ್ರೀಮ್ ಚರ್ಮದ ಮೇಲಿರುವ ಹೊತ್ತಿನಲ್ಲಿ ಸಂಭೋಗ ಬೇಡ. ಇದರ ಎಣ್ಣೆ ಕಾಂಡೋಮ್ ರಬ್ಬರನ್ನು ದುರ್ಬಲಗೊಳಿಸುತ್ತದೆ. ಗರ್ಭಿಣಿಯರು ಪ್ರಸೂತಿ ವೈದ್ಯರೊಡನೆ ಮಾತಾಡದೆ ಮುಟ್ಟಬಾರದು. 25 ಡಿಗ್ರಿಗಿಂತ ತಣ್ಣಗಿನ ಜಾಗದಲ್ಲಿಡಬೇಕು. ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ಬೀರುವಿನೊಳಗಿಟ್ಟರೆ ಆಗದು. ಫ್ರಿಜ್‌ನ ಬಾಗಿಲ ಅರೆಯಲ್ಲಿಡಿ, ಫ್ರೀಜರ್‌ನಲ್ಲಿ ಬೇಡ.

ಬಹಳಷ್ಟು ವೈದ್ಯರು ಮೊದಲ ಎರಡು ವಾರ ವಾರಕ್ಕೆ ಎರಡು ರಾತ್ರಿ ಹಚ್ಚಿಸಿ, ತಡೆದುಕೊಂಡರೆ ಮೂರಕ್ಕೆ ಏರಿಸುತ್ತಾರೆ. ಕೆಂಪು ಒಂದೆರಡು ವಾರದಲ್ಲಿ ಶುರುವಾಗಿ ಮುಂದಿನ ವಾರಗಳಲ್ಲಿ ಹೆಚ್ಚುತ್ತದೆ. ಆಮೇಲೆ ಸುಲಿತ, ಹಕ್ಕಳೆ, ಹಸಿಗಾಯ. ಮೂತ್ರ ಹೊಯ್ಯುವಾಗ ಉರಿಯದಿರಲು ಮಗ್‌ನಲ್ಲಿ ಉಗುರುಬೆಚ್ಚಗಿನ ನೀರು ಸುರಿದುಕೊಳ್ಳುತ್ತಾ ಹೊಯ್ಯುವುದು, ದಿನಕ್ಕೆರಡು ಸಲ ಟಬ್‌ನಲ್ಲಿ ಬೆಚ್ಚನೆಯ ನೀರಿಗೆ ಕೂರುವುದು ನಿಜಕ್ಕೂ ಉಪಯೋಗಕ್ಕೆ ಬರುತ್ತವೆ. ಮೈಕೈ ನೋವು, ಜ್ವರ ಬಂದರೆ ಪ್ಯಾರಾಸಿಟಮಾಲ್. ಫ್ಲೂ ಬಂದ ಹಾಗೆ ಅನಿಸುವುದು ಅದೇ ಇಂಟರ್‌ಫೆರಾನ್ ರಕ್ತಕ್ಕೆ ಸೇರಿದ್ದರಿಂದ, ದೊಡ್ಡ ಜಾಗಕ್ಕೆ ಹಚ್ಚಿದಷ್ಟೂ ಇದು ಹೆಚ್ಚು. ತಡೆಯಲಾಗದಷ್ಟಾದರೆ ಕೆಲವು ದಿನ ಬಿಡುವು ಕೊಟ್ಟು ಮತ್ತೆ ಶುರುಮಾಡಬಹುದು. ಆದರೆ ಬಿಟ್ಟ ರಾತ್ರಿಗಳ ಲೆಕ್ಕ ತುಂಬಿಸಲು ದಿನಾ ಹಚ್ಚಬೇಡಿ. ಉರಿ ತಗ್ಗಿಸಲೆಂದು ಹಳೆಯ ಸ್ಟೀರಾಯ್ಡ್ ಟ್ಯೂಬ್ ತೆಗೆದು ಸವರಿದರೆ ನೀವೇ ಕರೆದ ಸೈನ್ಯವನ್ನು ನೀವೇ ಹಿಂದಕ್ಕೆ ಅಟ್ಟಿದಂತೆ.

ಒಂದು ಅಪಾಯವನ್ನು ಮನೆಯವರೆಲ್ಲ ತಿಳಿದಿರಬೇಕು. ಹೊರತುಟಿಗಳು ವಿಪರೀತ ಊದಿಕೊಂಡರೆ ಮೂತ್ರ ಕಟ್ಟಬಹುದು. ಆರೆಂಟು ಗಂಟೆ ಮೂತ್ರ ಬಾರದಿದ್ದರೆ ಕ್ರೀಮ್ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು, ಬೆಳಗಾಗಲೆಂದು ಕಾಯಬಾರದು. ಸೋರಿಯಾಸಿಸ್ ಇದ್ದವರಿಗೆ ಅದು ಕೆರಳಬಹುದು. ಇನ್ನು, ಹಚ್ಚಿದ ಜಾಗದಲ್ಲಿ ಬಣ್ಣ ಹೋಗಿ ಬೆಳ್ಳಗಾಗುವುದುಂಟು, ಕೆಲವರಲ್ಲಿ ಅದು ಮರಳುವುದಿಲ್ಲ. ನಮ್ಮ ಕಂದು ಚರ್ಮದ ಮೇಲೆ ಅದು ಎದ್ದು ಕಾಣುತ್ತದೆ, ತೊನ್ನು ಎಂದು ಮನೆಯವರು ಹೆದರುತ್ತಾರೆ. ಮುಚ್ಚಿದ ಜಾಗವಾದರೆ ಅಷ್ಟು ತೊಂದರೆಯಿಲ್ಲ. ಮುಖಕ್ಕೆ ಹಚ್ಚುವ ಬೇರೆ ಕಾಯಿಲೆಗಳಲ್ಲಿ ಇದನ್ನು ಮೊದಲೇ ಮಾತಾಡಿಕೊಂಡಿರಬೇಕು.

ಕೋರ್ಸ್ ಮುಗಿದ ತಕ್ಷಣ ಗುಣವಾಯಿತೋ ಇಲ್ಲವೋ ಎಂದು ಹೇಳಲಾಗದು, ಏಕೆಂದರೆ ಉರಿಯೂತದ ಕೆಂಪು ಮತ್ತು ಕಾಯಿಲೆಯ ಕೆಂಪು ಕಣ್ಣಿಗೆ ಒಂದೇ. ಸುಮಾರು 12 ವಾರ ಬಿಟ್ಟು, ಮೊದಲು ಫೋಟೋದಲ್ಲಿ ಗುರುತಿಸಿದ್ದ ಜಾಗಗಳಿಂದಲೇ ಮತ್ತೆ ಬಯಾಪ್ಸಿ ಮಾಡಿಸಬೇಕು. ಕಣ್ಣಿಗೆ ಚೆನ್ನಾಗಿ ಕಂಡ ಚರ್ಮದಲ್ಲೂ ಕಣಗಳು ಉಳಿದಿರುತ್ತವೆ. ಈ ಬಯಾಪ್ಸಿಗೆ ಒಪ್ಪದವರು ಕ್ರೀಮ್ ಆರಿಸಿಕೊಳ್ಳದಿರುವುದೇ ಮೇಲು.

ಆಪರೇಷನ್

ಆಳಕ್ಕಿಳಿದ ಪ್ಯಾಜೆಟ್‌ಗೆ ಮೊದಲ ಆಯ್ಕೆ ಇದೇ, ಅದರಲ್ಲಿ ಚರ್ಚೆಯಿಲ್ಲ. ಆಳಕ್ಕಿಳಿಯದ, ಚಿಕ್ಕ, ಚೊಕ್ಕ ಪಟ್ಟೆಗೂ ಸರಳ ಉತ್ತರವೇ. ಒಮ್ಮೆ ತೆಗೆದು, ಇಡೀ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಆಳವೆಷ್ಟೆಂದು ಖಚಿತವಾಗುತ್ತದೆ. ಕ್ರೀಮ್ ಕೊಡಲಾರದ ಲಾಭ ಇದು.

ತೊಡಕು ಅಂಚಿನಲ್ಲಿದೆ. ಪ್ಯಾಜೆಟ್ ಕಣಗಳು ಕಣ್ಣಿಗೆ ಕಾಣುವ ಕೆಂಪಿನಾಚೆ ಸೆಂಟಿಮೀಟರ್‌ಗಟ್ಟಲೆ ಹೋಗಿರುತ್ತವೆ, ಕೆಲವೊಮ್ಮೆ ನಡುವೆ ಒಳ್ಳೆಯ ಚರ್ಮ ಬಿಟ್ಟು ದ್ವೀಪದಂತೆ ಇನ್ನೊಂದು ಕಡೆ ಕೂತಿರುತ್ತವೆ. ಹಾಗಾಗಿ 2 ಸೆಂ.ಮೀ. ಅಂಚು ಬಿಟ್ಟು ತೆಗೆದರೂ ‘ಅಂಚಿನಲ್ಲಿ ಕಣಗಳಿವೆ’ ಎಂಬ ರಿಪೋರ್ಟ್ ಬರುವುದು ಅಪರೂಪವಲ್ಲ. ಅಗಲವಾಗಿ ತೆಗೆದವರಲ್ಲೂ ಮೂರರಲ್ಲಿ ಒಬ್ಬರಿಗೆ ಹತ್ತಿರ ಹತ್ತಿರ ಮರುಕಳಿಸುತ್ತದೆ, ಹತ್ತು ವರ್ಷದ ನಂತರವೂ ಮರಳುವುದುಂಟು. ಆಪರೇಷನ್‌ಗೆ ಮುಂಚೆ ಗಡಿಯಾರದ ಮುಳ್ಳಿನಂತೆ ಸುತ್ತಲೂ ಚಿಕ್ಕ ಚಿಕ್ಕ ಬಯಾಪ್ಸಿ ತೆಗೆದು ನಕ್ಷೆ ಮಾಡಿಕೊಂಡರೆ ಎಲ್ಲಿ ಎಷ್ಟು ಕತ್ತರಿಸಬೇಕೆಂದು ತಿಳಿಯುತ್ತದೆ. ಸರ್ಜನ್ ಇದನ್ನು ಮಾಡುತ್ತಾರೋ ಎಂದು ಕೇಳುವುದು ಉದ್ಧಟತನವಲ್ಲ.

ಮೋಸ್ ಸರ್ಜರಿ ಎಂಬ ವಿಧಾನದಲ್ಲಿ ಪದರ ಪದರವಾಗಿ ತೆಗೆದು, ಪ್ರತಿ ಪದರದ ಇಡೀ ಅಂಚನ್ನು ಅಲ್ಲಿಯೇ ಪರೀಕ್ಷಿಸಿ, ಕಣವಿರುವ ಕಡೆಗೆ ಮಾತ್ರ ಮುಂದುವರಿಯುತ್ತಾರೆ. ಸಿಕೆ-7 ಬಣ್ಣ ಹಾಕಿ ನೋಡಿದರೆ ಇನ್ನೂ ನಿಖರ. ಮರುಕಳಿಕೆ ಇದರಲ್ಲಿ ಕಡಿಮೆ, ಉಳಿಯುವ ಚರ್ಮ ಹೆಚ್ಚು. ಭಾರತದಲ್ಲಿ ಇದನ್ನು ಸರಿಯಾಗಿ ಮಾಡುವ ಕೇಂದ್ರಗಳು ಕೆಲವೇ. ಇಲ್ಲದ ಕಡೆ, ತೆಗೆದ ಮೇಲೆ ಗಾಯವನ್ನು ತಕ್ಷಣ ಮುಚ್ಚದೆ ಡ್ರೆಸಿಂಗ್ ಹಾಕಿಟ್ಟು, ಅಂಚಿನ ರಿಪೋರ್ಟ್ ಬಂದ ಮೇಲೆ ಚರ್ಮ ಕಸಿ ಮಾಡುವ ಎರಡು ಹಂತದ ಆಪರೇಷನ್ ಒಳ್ಳೆಯ ಬದಲಿ. ಮೊದಲೇ ತೊಡೆಯ ಚರ್ಮ ತಂದು ಹೊಲಿದು, ಆಮೇಲೆ ಅಂಚು ಕೆಟ್ಟಿದೆ ಎಂದು ಬಂದರೆ ಎರಡೂ ಕೆಲಸ ವ್ಯರ್ಥ.

ಬೆಲೆ ತೆರಬೇಕಾದ್ದು ದೇಹದಲ್ಲಿ. ಮೂತ್ರದ್ವಾರದ ಸುತ್ತ ತೆಗೆದರೆ ಧಾರೆ ಓರೆಯಾಗಬಹುದು, ಗುದದ ಸುತ್ತ ಅಗಲಕ್ಕೆ ತೆಗೆದರೆ ಬಿಗಿಯಾಗಬಹುದು ಅಥವಾ ಹಿಡಿತ ತಪ್ಪಬಹುದು, ಲೈಂಗಿಕ ಸಂವೇದನೆ ಕುಗ್ಗಬಹುದು. ಬೀಜಚೀಲ ಮಾತ್ರ ಉದಾರ ಜಾಗ, ಅಲ್ಲಿನ ಸಡಿಲ ಚರ್ಮ ಸಾಕಷ್ಟು ತೆಗೆದರೂ ಹೊಲಿಯಲು ಸಿಗುತ್ತದೆ. ಹಾಗಾಗಿ ಒಂದೇ ಕಾಯಿಲೆಯಾದರೂ ಬೀಜಚೀಲದ ಮೇಲಿನ 4 ಸೆಂ.ಮೀ. ಪಟ್ಟೆಗೆ ಆಪರೇಷನ್ ಕಡೆಗೂ, ಮೂತ್ರದ್ವಾರವನ್ನು ಸುತ್ತಿದ 4 ಸೆಂ.ಮೀ. ಪಟ್ಟೆಗೆ ಕ್ರೀಮ್ ಕಡೆಗೂ ತಕ್ಕಡಿ ವಾಲುತ್ತದೆ.

ರೇಡಿಯೇಷನ್, ಮತ್ತೆ ಉಳಿದವು

ಊರ ಕಡೆ ‘ಕರೆಂಟ್ ಕೊಡುವುದು’ ಎನ್ನುವ ರೇಡಿಯೇಷನ್, ಆಪರೇಷನ್ ತಡೆಯಲಾಗದ ವಯಸ್ಸಾದವರಿಗೆ, ಆಳಕ್ಕಿಳಿದಿದ್ದರೂ ಕತ್ತರಿಸಲಾಗದವರಿಗೆ, ಅಂಚಿನಲ್ಲಿ ಕಣ ಉಳಿದವರಿಗೆ. ವಾರಕ್ಕೆ 5 ದಿನದಂತೆ ಐದಾರು ವಾರ, ಒಟ್ಟು 50–60 ಗ್ರೇ (ರೇಡಿಯೇಷನ್ ಡೋಸಿನ ಅಳತೆ) ಸಾಮಾನ್ಯ. ಪ್ರತಿ ದಿನ ಕೆಲವೇ ನಿಮಿಷದ ಕೆಲಸ, ಆದರೆ ಪ್ರತಿ ದಿನ ಹೋಗಬೇಕು. ಬೀದರ್‌ನಿಂದಲೋ ಚಾಮರಾಜನಗರದ ಹಳ್ಳಿಯಿಂದಲೋ ಬರುವವರಿಗೆ ಖರ್ಚು ಯಂತ್ರದ್ದಕ್ಕಿಂತ ಒಂದೂವರೆ ತಿಂಗಳು ಊರು ಬಿಟ್ಟಿರುವುದರದ್ದು. ಕೊನೆಯ ವಾರಗಳಲ್ಲಿ ಚರ್ಮ ಹಸಿಯಾಗಿ ಸುಲಿಯುತ್ತದೆ, ವರ್ಷಗಳ ನಂತರ ಚರ್ಮ ತೆಳುವಾಗಿ ಬಿಗಿಯುತ್ತದೆ. ಒಮ್ಮೆ ಪೂರ್ತಿ ಡೋಸ್ ಕೊಟ್ಟ ಜಾಗಕ್ಕೆ ಮತ್ತೆ ಕೊಡುವುದು ಕಷ್ಟ, ಅಲ್ಲಿ ಆಪರೇಷನ್ ಮಾಡಿದರೆ ಗಾಯ ಕೂಡುವುದು ನಿಧಾನ. ಆದ್ದರಿಂದ 45 ವಯಸ್ಸಿನವರಿಗೆ ಇದನ್ನು ಮೊದಲ ಅಸ್ತ್ರವಾಗಿ ಬಳಸಲು ಹಿಂಜರಿಯುತ್ತಾರೆ, 82 ವಯಸ್ಸಿನವರಿಗೆ ಆ ಚಿಂತೆ ಕಡಿಮೆ.

ಫೋಟೋಡೈನಮಿಕ್ ಥೆರಪಿ, ಅಂದರೆ ಔಷಧ ಹಚ್ಚಿ ಕೆಂಪು ಬೆಳಕು ಬಿಡುವುದು, ತುರಿಕೆ ತಗ್ಗಿಸುತ್ತದೆ. ಆದರೆ ಬೆಳಕು ಒಂದೆರಡು ಮಿಲಿಮೀಟರ್ ಮಾತ್ರ ಇಳಿಯುತ್ತದೆ, ಪ್ಯಾಜೆಟ್ ಕಣಗಳು ಕೂದಲಿನ ಬೇರಿನ ಗುಂಟ ಅದಕ್ಕಿಂತ ಕೆಳಗೆ ಹೋಗಿರುತ್ತವೆ. ಸಿಒ2 ಲೇಸರ್‌ನ ಕಥೆಯೂ ಅದೇ, ಮರುಕಳಿಕೆ ಹೆಚ್ಚು. 5-ಫ್ಲೋರೋಯುರಾಸಿಲ್ ಕ್ರೀಮ್ ಅಗ್ಗವೆಂದು ಕೆಲವರು ಕೇಳುತ್ತಾರೆ. ಅದು ಮೇಲಿನದನ್ನು ಸುಟ್ಟು ಚರ್ಮ ಚೆನ್ನಾಗಿ ಕಾಣುವಂತೆ ಮಾಡಿ ಒಳಗಿನದನ್ನು ಬಿಡುವುದುಂಟು. ಪ್ಯಾಜೆಟ್‌ಗೆ ಅದು ಇಮಿಕ್ವಿಮೋಡ್‌ನ ಬದಲಿಯಲ್ಲ.

ದುಡ್ಡಿನ ಲೆಕ್ಕ

ಕ್ರೀಮ್ ಅಗ್ಗ ಎಂಬ ಭಾವನೆ ಸ್ಯಾಶೆ ಎಣಿಸುವವರೆಗೆ. ವಾರಕ್ಕೆ 3 ರಾತ್ರಿ, 16 ವಾರವೆಂದರೆ 48 ರಾತ್ರಿ. ಒಂದು ಸ್ಯಾಶೆಗೆ ಮೀರಿದ ಜಾಗವಾಗಿ ರಾತ್ರಿಗೆ ಎರಡು ಬೇಕಾದರೆ 96 ಸ್ಯಾಶೆ. ಔಷಧದಂಗಡಿಯಲ್ಲಿ ಒಂದರ ಬೆಲೆ ಕೇಳಿ ಗುಣಿಸಿ. ಅದಕ್ಕೆ ಶುರುವಿನ ಬಯಾಪ್ಸಿ, ಬಣ್ಣಪರೀಕ್ಷೆ, ಮೂರು ನಾಲ್ಕು ಸಲದ ಭೇಟಿ, ಕೊನೆಯ ಬಯಾಪ್ಸಿ ಸೇರಿಸಿ. ಭಾರತದಲ್ಲೇ ತಯಾರಾಗುವ ಜೆನೆರಿಕ್‌ಗಳಿರುವುದರಿಂದ ವಿದೇಶದಷ್ಟು ದುಬಾರಿಯಲ್ಲ. 5 ಶೇಕಡಾ ಎಂದು ಬರೆದಿದೆಯೇ ನೋಡಿ, 3.75 ಶೇಕಡಾದ್ದು ಬೇರೆ ಕೆಲಸದ್ದು.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ವೆಚ್ಚದ 30 ಶೇಕಡಾದಂತೆ 1.5 ಲಕ್ಷದವರೆಗೆ ನೆರವಿದೆ. ಇದು ಆಸ್ಪತ್ರೆಯ ಪ್ಯಾಕೇಜ್‌ಗಳ ಮೇಲೆ ನಡೆಯುವ ಯೋಜನೆ, ಮನೆಗೆ ಒಯ್ದು ಹಚ್ಚುವ ಕ್ರೀಮ್ ಅದರೊಳಗೆ ಬರುತ್ತದೆಂದು ಎಣಿಸಿ ಕೂರಬೇಡಿ. ಹೀಗಾಗಿ ಕಾಗದದ ಮೇಲೆ ದುಬಾರಿಯಾದ ಆಪರೇಷನ್ ಕೈಯಿಂದ ಕೊಡುವ ಲೆಕ್ಕದಲ್ಲಿ ಕ್ರೀಮಿಗಿಂತ ಹಗುರಾಗಬಹುದು. ಬೆಂಗಳೂರಿನ ಕಿದ್ವಾಯಿಯಂಥ ಸರ್ಕಾರಿ ಕ್ಯಾನ್ಸರ್ ಸಂಸ್ಥೆಗೆ ಒಮ್ಮೆ ಸ್ಲೈಡ್ ತೋರಿಸಿ ಅಭಿಪ್ರಾಯ ಪಡೆಯುವುದು ಎಲ್ಲ ದಾರಿಗೂ ಮುಂಚಿನ ಒಳ್ಳೆಯ ಖರ್ಚು.

ಯಾರಿಗೆ ಯಾವುದು

ಆಳಕ್ಕಿಳಿದಿದೆ, ದೇಹ ಗಟ್ಟಿಯಿದೆ: ಆಪರೇಷನ್. 1 ಮಿ.ಮೀ. ದಾಟಿದ್ದರೆ ತೊಡೆಸಂದಿನ ಗ್ರಂಥಿಗಳ ಪರೀಕ್ಷೆಯನ್ನೂ ಕೇಳಬೇಕು. ಈ ಗುಂಪಿನವರಿಗೆ ಕ್ರೀಮ್ ಮಾತ್ರ ಕೊಡುವುದು ಸರಿಯಲ್ಲ, ಯಾರೇ ಹೇಳಿದರೂ.

ಆಳಕ್ಕಿಳಿದಿಲ್ಲ, ಪಟ್ಟೆ ದೊಡ್ಡದು ಅಥವಾ ಮೂತ್ರದ್ವಾರ, ಗುದಕ್ಕೆ ಅಂಟಿದೆ, ಬಯಾಪ್ಸಿಗಳು ನಾಲ್ಕಾರು ಕಡೆಯಿಂದ ಆಗಿವೆ, ಹಚ್ಚಲು ಮನೆಯಲ್ಲಿ ಜನರಿದ್ದಾರೆ: ಕ್ರೀಮ್ ಮೊದಲು. ಪೂರ್ತಿ ಹೋಗದಿದ್ದರೂ ಕುಗ್ಗಿದ್ದರೆ ಉಳಿದಷ್ಟನ್ನು ಚಿಕ್ಕ ಆಪರೇಷನ್‌ನಲ್ಲಿ ತೆಗೆಯಬಹುದು. ಈ ಎರಡನ್ನೂ ಸೇರಿಸಿದ ದಾರಿ ನಮ್ಮಲ್ಲಿ ಇನ್ನಷ್ಟು ಬಳಕೆಗೆ ಬರಬೇಕು. ಆಪರೇಷನ್ ಆಗಿ ವರ್ಷಗಳ ನಂತರ ಅಂಚಿನಲ್ಲಿ ಮರುಕಳಿಸಿದವರಿಗೂ, ಮತ್ತೆ ಕತ್ತರಿಸುವ ಮುನ್ನ, ಕ್ರೀಮ್‌ಗೆ ಒಂದು ಅವಕಾಶ ಕೊಡುವುದು ಯೋಗ್ಯ.

ಆಳಕ್ಕಿಳಿದಿಲ್ಲ, ಚಿಕ್ಕದು, ಬೀಜಚೀಲ ಅಥವಾ ಕಂಕುಳಿನಲ್ಲಿದೆ: ತೆಗೆಸಿಬಿಡುವುದು ಕಡಿಮೆ ರಗಳೆ. ಒಂಟಿಯಾಗಿರುವ, ಬಗ್ಗಿ ನೋಡಲಾಗದ ಹಿರಿಯರಿಗೂ 48 ರಾತ್ರಿಗಳ ಕ್ರೀಮ್‌ಗಿಂತ ಇದೇ ಅನುಕೂಲ. ಅರಿವಳಿಕೆ ಆಗದಿದ್ದರೆ ರೇಡಿಯೇಷನ್. ಕಸಿಯಾದವರಿಗೆ ಕ್ರೀಮ್ ಕರೆದರೂ ಬರುವ ಸೈನ್ಯ ಬಡವಾಗಿರುತ್ತದೆ, ಜೊತೆಗೆ ಕಸಿ ತಜ್ಞರ ಒಪ್ಪಿಗೆಯೂ ಬೇಕು.

ಇದೇ ಕ್ರೀಮ್, ಬೇರೆ ಕಾಯಿಲೆ

ಒಂದು ಕಾಯಿಲೆಯ ಅಂಕಿ ಇನ್ನೊಂದಕ್ಕೆ ಅಂಟಿಸುವುದು ಸುಲಭದಲ್ಲಿ ಆಗುವ ತಪ್ಪು. ಯೋನಿಯ ಹೊರಚರ್ಮದ, ನರಹುಲಿ ತರುವ ವೈರಸ್ ಕುಲವಾದ ಎಚ್‌ಪಿವಿ ಸಂಬಂಧಿ ಕ್ಯಾನ್ಸರ್-ಪೂರ್ವ ಗಾಯಕ್ಕೆ ಇಮಿಕ್ವಿಮೋಡ್ ಮತ್ತು ಆಪರೇಷನ್ ಹೋಲಿಸಿದ ಅಧ್ಯಯನ 2022ರಲ್ಲಿ ಬಂತು. ಪೂರ್ತಿ ವಾಸಿಯಾದವರು ಕ್ರೀಮ್‌ನಲ್ಲಿ 80 ಶೇಕಡಾ, ಆಪರೇಷನ್‌ನಲ್ಲಿ 79 ಶೇಕಡಾ. ಆ 80 ಪ್ಯಾಜೆಟ್‌ಗೆ ಅನ್ವಯಿಸದು. ಬೇಸಲ್ ಸೆಲ್ ಕ್ಯಾನ್ಸರ್‌ನಲ್ಲಿ ಬ್ರಿಟನ್ನಿನ ಅಧ್ಯಯನ 5 ವರ್ಷದ ನಂತರ ನೋಡಿದಾಗ ಕ್ರೀಮ್ 82.5 ಶೇಕಡಾ, ಆಪರೇಷನ್ 97.7 ಶೇಕಡಾ ಯಶಸ್ಸು ಕಂಡಿತ್ತು. ಅಲ್ಲಿ ಕ್ರೀಮ್ ಹಚ್ಚಿಸಿದ್ದು ದಿನಕ್ಕೊಮ್ಮೆ, 6 ಅಥವಾ 12 ವಾರ. ಮುಖದ ಮೇಲಿನ ಲೆಂಟಿಗೊ ಮಲಿಗ್ನಾ ಎಂಬ ಮೇಲ್ಪದರದ ಮೆಲನೋಮಾಕ್ಕೆ (ಚರ್ಮಕ್ಕೆ ಬಣ್ಣ ಕೊಡುವ ಕಣಗಳ ಕ್ಯಾನ್ಸರ್) 12 ವಾರದಲ್ಲಿ 60 ಸಲ ಹಚ್ಚಿ ನಂತರ ಆ ಜಾಗ ತೆಗೆದು ಪರೀಕ್ಷಿಸಿದ ಬ್ರಿಟಿಷ್ ಅಧ್ಯಯನದಲ್ಲಿ 37 ಶೇಕಡಾ ಮಾತ್ರ ಪೂರ್ತಿ ಹೋಗಿತ್ತು. ಆಪರೇಷನ್ ಸಾಧ್ಯವಿದ್ದವರು ಅಲ್ಲಿ ಆಪರೇಷನ್ ಬಿಡಬಾರದು.

ಕರ್ನಾಟಕಕ್ಕೆ ನೇರ ಸಂಬಂಧವಿರುವುದು ಇನ್ನೆರಡು. ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನ ಆರ್ಸೆನಿಕ್‌ನಿಂದ ಚರ್ಮರೋಗ ಬಂದದ್ದು ದಾಖಲಾಗಿದೆ. ಆರ್ಸೆನಿಕ್‌ನಿಂದ ಮೈಮೇಲೆ ಹಲವು ಕಡೆ ಬೋವೆನ್ ಕಾಯಿಲೆಯ, ಅಂದರೆ ಮೇಲ್ಚರ್ಮದೊಳಗೇ ಇರುವ ಆರಂಭದ ಚರ್ಮಕ್ಯಾನ್ಸರಿನ, ಪಟ್ಟೆಗಳು ಏಳುತ್ತವೆ, ಎಲ್ಲವನ್ನೂ ಕತ್ತರಿಸುತ್ತ ಹೋಗಲಾಗದು, ಅಂಥಲ್ಲಿ ಕ್ರೀಮ್‌ಗೆ ಅರ್ಥವಿದೆ. ಮೊಣಕಾಲ ಕೆಳಗೆ ಮಾತ್ರ ಹುಷಾರು, ರಕ್ತಸಂಚಾರ ಕಡಿಮೆಯಾದ್ದರಿಂದ ಹುಣ್ಣು ತಿಂಗಳುಗಟ್ಟಲೆ ಆರುವುದಿಲ್ಲ. ಇನ್ನೊಂದು ಝೀರೋಡರ್ಮಾ ಪಿಗ್ಮೆಂಟೋಸಮ್, ಬಿಸಿಲು ತಾಗಿದರೆ ಚಿಕ್ಕ ಮಕ್ಕಳಿಗೇ ಚರ್ಮಕ್ಯಾನ್ಸರ್ ಬರುವ ಆನುವಂಶಿಕ ಕಾಯಿಲೆ. ಸೋದರಮಾವನ ಜೊತೆ, ಅತ್ತೆಮಗನ ಜೊತೆ ಮದುವೆಯಾಗುವ ಮನೆತನಗಳಲ್ಲಿ ಇಂಥ ಕಾಯಿಲೆಗಳ ಸಾಧ್ಯತೆ ಹೆಚ್ಚು. ಆ ಮಕ್ಕಳ ಮುಖದಲ್ಲಿ ಮತ್ತೆ ಮತ್ತೆ ಹುಟ್ಟುವ ಮೇಲ್ಪದರದ ಗಾಯಗಳಿಗೆ ಇಮಿಕ್ವಿಮೋಡ್ ಬಳಸಿ ಆಪರೇಷನ್‌ಗಳ ಎಣಿಕೆ ಇಳಿಸುತ್ತಾರೆ.

ಅಂಗಾಲು, ಉಗುರಿನ ಕೆಳಗಿನ ಕಪ್ಪು ಮೆಲನೋಮಾಕ್ಕೆ, ಗಂಟಾದ ಯಾವುದೇ ಚರ್ಮಕ್ಯಾನ್ಸರ್‌ಗೆ, ಬೇಗ ಹರಡುವ, ಅಪರೂಪದ ಮರ್ಕೆಲ್ ಸೆಲ್ ಕ್ಯಾನ್ಸರ್‌ಗೆ ಈ ಕ್ರೀಮ್ ಹಚ್ಚಿ ಕಾಯುವುದು ಕೈಯಾರೆ ಕಾಲ ಕಳೆದಂತೆ.

ಮುಗಿದ ಮೇಲಿನ ವರ್ಷಗಳು

ಯಾವ ದಾರಿ ಹಿಡಿದರೂ ಮೊದಲ ಎರಡು ಮೂರು ವರ್ಷ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ತೋರಿಸುವುದು ಇದ್ದೇ ಇದೆ, ಕೊನೆಯ ದಿನಾಂಕ ಇಲ್ಲದೆ. ನಡುವೆ ಒಂದು ವಾರಕ್ಕಿಂತ ಹೆಚ್ಚು ತುರಿಕೆ, ಹೊಸ ಗಟ್ಟಿ ಗಂಟು, ರಕ್ತ ಕಂಡರೆ ಆ ದಿನಾಂಕಕ್ಕೆ ಕಾಯಬೇಡಿ, ಟ್ಯೂಬ್ ಹುಡುಕಲೂ ಬೇಡಿ. ಮೊದಲ ಬಯಾಪ್ಸಿಯ ಮೇಣದ ಬ್ಲಾಕ್ ಮತ್ತು ಸ್ಲೈಡ್‌ಗಳನ್ನು ಲ್ಯಾಬಿನಿಂದ ಬರೆದು ಕೇಳಿ ಪಡೆದು, ಬ್ಲಾಕನ್ನು ಬಿಸಿಲು, ಶಾಖ ತಾಗದ ಕಡೆ ಇಡಿ. ಐದು ವರ್ಷದ ನಂತರ ಮರುಕಳಿಸಿತೆಂದಾಗ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಲು ಪ್ಯಾಥಾಲಜಿಸ್ಟ್ ಮೊದಲು ಕೇಳುವುದು ಅದನ್ನೇ.